ಮಧ್ಯಾಹ್ನಕ್ಕೆ ಏಳುವ ಮುಳ್ಳು

ನಮ್ಮ ಮನೆಯ ಹಳೇ ಕಾರಿನ ಸ್ಪೀಡ್ ಮೀಟರಿನ ಮುಳ್ಳು ಬೆಳಿಗ್ಗೆ ಹೊತ್ತು ಏಳುತ್ತಿರಲಿಲ್ಲ. ಎಷ್ಟು ಜೋರಾಗಿ ಓಡಿಸಿದರೂ ಸೊನ್ನೆಯ ಮೇಲೆ ಮಲಗಿರುತ್ತಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ತಾನಾಗಿ ಎದ್ದು, ಏನೂ ಆಗಿಯೇ ಇಲ್ಲವೆಂಬಂತೆ ಕೆಲಸಕ್ಕೆ ತೊಡಗುತ್ತಿತ್ತು. ಈ ಗುಣದ ಮನುಷ್ಯರನ್ನು ನಾನು ತವರಿನಲ್ಲೂ ಗಂಡನ ಮನೆಯಲ್ಲೂ ಬೇಕಾದಷ್ಟು ನೋಡಿದ್ದೆ. ಯಂತ್ರಕ್ಕೂ ಈ ಚಾಳಿ ಇರುತ್ತದೆಂದು ಮಾತ್ರ ಗೊತ್ತಿರಲಿಲ್ಲ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹೊಸನಗರದ ಹೊರಗೆ ರಸ್ತೆಗೆ ತಾಗಿಕೊಂಡು ನಮ್ಮ ಮಾವಯ್ಯನ ಅಕ್ಕಿ ಮಿಲ್ಲು, ಮಿಲ್ಲಿನ ಹಿಂದೆ ನಮ್ಮ ಮನೆ. ಕರಿಯ ಬಣ್ಣದ ಆ ಕಾರು ನಾನು ಸೊಸೆಯಾಗಿ ಬರುವ ಮೊದಲೇ ಹಳತಾಗಿತ್ತು. ಮಾವಯ್ಯ ಅದನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ನನ್ನ ಗಂಡನಂತೂ ಕೇಳುತ್ತಲೂ ಇರಲಿಲ್ಲ. ಹರೆಯದಲ್ಲಿ ಒಮ್ಮೆ ಸ್ಟೇರಿಂಗ್ ಹಿಡಿದು, ಅಂಗಳದಲ್ಲಿ ಒಣಹಾಕಿದ್ದ ಭತ್ತದ ಮೇಲೆ ಹಾದು, ಬೇಲಿ ಮುರಿದು, ಕಾರನ್ನು ಹಳ್ಳಕ್ಕೆ ಇಳಿಸಿದ್ದರಂತೆ. ಅಲ್ಲಿಂದ ಮುಂದೆ ಆ ಸೀಟಿನ ಸುದ್ದಿಗೇ ಹೋಗಲಿಲ್ಲ.

ಆ ವರ್ಷ ಮಳೆಗಾಲ ಮುಗಿಯುತ್ತಿದ್ದ ಹಾಗೆ ಮಾವಯ್ಯ ಇದ್ದಕ್ಕಿದ್ದಂತೆ ಕಾರು ಬಿಡುವುದನ್ನು ನಿಲ್ಲಿಸಿದರು.

"ಕ್ಲಚ್ ಒತ್ತಕ್ಕೆ ಮಂಡಿ ಬಿಡ್ತಿಲ್ಲ. ಓಡಿಸೋರಿಲ್ಲದ ಗಾಡಿ ಮನೇಲಿ ಇಟ್ಕಂಡು ಎಂತ ಮಾಡದು? ಹೆಗ್ಗಣ ಗೂಡು ಕಟ್ತವೆ ಅಷ್ಟೆ" ಎಂದರು. ರಿಪ್ಪನ್‌ಪೇಟೆಯ ಜವಳಿ ಅಂಗಡಿಯವರೊಬ್ಬರು ಬಂದು ಕಾರಿನ ಸುತ್ತ ಓಡಾಡಿ, ಟೈರಿಗೆ ಒದ್ದು ನೋಡಿ ಹೋದರು. ಸಂಕ್ರಾಂತಿ ಕಳೆದ ಮೇಲೆ ಕೊಂಡೊಯ್ಯುವುದೆಂದು ಮಾತಾಯಿತು.

ನನಗೆ ಸಿಟ್ಟು ನೆತ್ತಿಗೇರಿತು. ನನ್ನ ತವರು ತೀರ್ಥಹಳ್ಳಿ ಆಚೆಯ ಮೇಳಿಗೆ. ಬಸ್ಸಿನಲ್ಲಿ ಹೋದರೆ ತೀರ್ಥಹಳ್ಳಿಯಲ್ಲಿ ಇಳಿದು, ಇನ್ನೊಂದು ಬಸ್ಸಿಗೆ ಕಾದು, ಅಮ್ಮನ ಮುಖ ನೋಡುವಷ್ಟರಲ್ಲಿ ಹಗಲು ಮುಗಿದಿರುತ್ತಿತ್ತು. ಕಾರಿನಲ್ಲಾದರೆ ಬೆಳಿಗ್ಗೆ ತಿಂಡಿ ತಿಂದು ಹೊರಟು ಅಮ್ಮನ ಕೈಯಲ್ಲಿ ಮಧ್ಯಾಹ್ನದ ಊಟ. ಇದು ನಾನು ಎಲ್ಲರಿಗೂ ಹೇಳಿದ ಕಾರಣ. ಹೇಳದ ಕಾರಣ ಬೇರೆ ಇತ್ತು. ಆ ಕಾರಿನ ಹಿಂದಿನ ಸೀಟಿನಲ್ಲಿ ಕೂತಾಗಲೆಲ್ಲ ನನ್ನ ಕಣ್ಣು ಮಾವಯ್ಯನ ಕೈಕಾಲುಗಳ ಮೇಲೇ ಇರುತ್ತಿತ್ತು. ಗೇರು ಬದಲಿಸುವಾಗ ನನ್ನ ಎಡಗಾಲೂ ಸುಮ್ಮನೆ ನೆಲ ಒತ್ತುತ್ತಿತ್ತು.

"ನಾನು ಕಲಿತೀನಿ" ಎಂದೆ.

ಮಾವಯ್ಯ ಬಾಯಿಯ ಎಲೆಯಡಿಕೆ ಉಗಿದು ಬಂದು ನಕ್ಕರು. ನಕ್ಕು ಮುಗಿದ ಮೇಲೆ, "ಸಂಕ್ರಾಂತಿ ಒಳಗೆ ಲೈಸೆನ್ಸ್ ತಗಂಡ್ರೆ ಗಾಡಿ ಇರ್ತದೆ. ಇಲ್ದಿದ್ರೆ ಹೋಗ್ತದೆ. ಆಮೇಲೆ ಅಳೋ ಹಾಂಗಿಲ್ಲ" ಎಂದರು. ಅತ್ತೆ ಒಳಗಿಂದ, "ಮೊದ್ಲು ಭತ್ತ ಎತ್ತಿಡಿ ಮಾರಾಯ್ರೆ" ಎಂದು ಕೂಗಿದರು.

ಎಲ್ ಬೋರ್ಡು ಬರೆಸಿ ಕಟ್ಟಿದ್ದಾಯಿತು. ಮಾವಯ್ಯ ಪಕ್ಕದಲ್ಲಿ ಕೂತು ಕಲಿಸುತ್ತಿದ್ದರು. ಅವರ ಪಾಠದ ಕ್ರಮವೇ ಬೇರೆ. "ಎಂಜಿನ್ ಅಳ್ತಾ ಉಂಟಲ್ಲೇ, ಗೇರು ಇಳಿಸು" ಎನ್ನುವರು. "ಈಗ ಸರಿಯಾಗಿ ಹಾಡ್ತು, ಹಾಂಗೇ ಬಿಡು" ಎನ್ನುವರು. ಎದುರಿಗೆ ಗುಂಡಿಯಿದೆ, ಎಮ್ಮೆಯಿದೆ ಎಂದು ಒಂದು ದಿನವೂ ಹೇಳಿದವರಲ್ಲ. ಗುಂಡಿಗೆ ಬಿದ್ದಾಗ ನನ್ನ ಜೊತೆ ಅವರೂ ಎಗರಿ ಬೀಳುತ್ತಿದ್ದರು. ಸೊಸೆ ಬಿದ್ದೇ ಕಲಿಯಲಿ ಎಂಬ ಹಟ ಇರಬೇಕೆಂದು ನಾನೂ ಹಟ ಹಿಡಿದು ಕಲಿತೆ. ರಸ್ತೆ ನನ್ನ ಕಣ್ಣಿಗೆ, ಸದ್ದು ಅವರ ಕಿವಿಗೆ ಎಂದು ಹಂಚಿಕೆಯಾದಂತಿತ್ತು.

ಲೈಸೆನ್ಸ್ ಕೊಡುವ ಬ್ರೇಕ್ ಇನ್ಸ್‌ಪೆಕ್ಟರು ತಿಂಗಳಿಗೊಮ್ಮೆ ಸಾಗರಕ್ಕೆ ಬಂದು ಮೈದಾನದ ಪಕ್ಕ ಮೇಜು ಹಾಕಿಕೊಂಡು ಕೂರುತ್ತಿದ್ದರು. ಕಾರ್ತಿಕ ಮಾಸದ ಕೊನೆಯ ಒಂದು ಬೆಳಿಗ್ಗೆ, ಮಂಜು ಇನ್ನೂ ಹರಿಯುವ ಮೊದಲೇ ನಾವು ಹೊರಟೆವು. ಅಲ್ಲಿ ಪರೀಕ್ಷೆಗೆ ಬಂದವರೆಲ್ಲ ಗಂಡಸರು. ನನ್ನನ್ನು ನೋಡಿ, ಯಾರಿಗೋ ಬುತ್ತಿ ತಂದವಳೆಂದು ತಿಳಿದು ಜಾಗ ಬಿಟ್ಟರು.

ಇನ್ಸ್‌ಪೆಕ್ಟರಿಗೆ ನೆಗಡಿಯಾಗಿತ್ತು. ಮಫ್ಲರ್ ಸುತ್ತಿಕೊಂಡು ಪಕ್ಕದಲ್ಲಿ ಕೂತು, "ನಡೀರಿ ತಾಯಿ" ಎಂದರು. ಚೆನ್ನಾಗಿ ಓಡಿಸಿದೆ. ಏರಿನಲ್ಲಿ ನಿಲ್ಲಿಸಿ, ಹಿಂದಕ್ಕೆ ಜಾರದಂತೆ ಎತ್ತಿದೆ. ರಿವರ್ಸ್ ತೆಗೆದೆ. ಇನ್ನೇನು ಮುಗಿಯಿತು ಎನ್ನುವಾಗ ಅವರು ಕೇಳಿದರು.

"ಈಗ ಎಷ್ಟು ಸ್ಪೀಡಲ್ಲಿದ್ದೀರಿ, ಹೇಳಿ ನೋಡೋಣ."

ಮೀಟರ್ ನೋಡಿದೆ. ಮುಳ್ಳು ಸೊನ್ನೆಯಲ್ಲಿ ಅಂಗಾತ ಮಲಗಿತ್ತು. ಅಷ್ಟು ದಿನ ಸಂಜೆ ಮಿಲ್ಲಿನ ಕೆಲಸ ಮುಗಿದ ಮೇಲೆ ಕಲಿಯುತ್ತಿದ್ದೆ. ರಸ್ತೆ ನೋಡುವುದೇ ಸಾಕಾಗಿ ಹೋಗಿತ್ತು, ಮುಳ್ಳನ್ನು ನೋಡಿದವರು ಯಾರು?

"ಗಾಡಿ ನಿಂತಿದೆ ಅಂತ ಹೇಳ್ತಿದೆ ನಿಮ್ಮ ಮೀಟ್ರು" ಎಂದು ಇನ್ಸ್‌ಪೆಕ್ಟರು ಮೂಗು ಒರೆಸಿಕೊಂಡರು. "ನಿಂತ ಗಾಡಿಗೆ ನಾನು ಲೈಸೆನ್ಸ್ ಕೊಡಕ್ಕೆ ಬರಲ್ಲ. ಅದನ್ನ ಸರಿ ಮಾಡಿಸ್ಕೊಂಡು ಮುಂದಿನ ತಿಂಗಳು ಬನ್ನಿ. ಓಡಿಸೋದೇನೋ ಚೆನ್ನಾಗಿ ಓಡಿಸ್ತೀರಿ."

ಆ ಕೊನೆಯ ಮಾತು ಇಲ್ಲದಿದ್ದರೆ ನಾನು ಅಲ್ಲೇ ಅತ್ತುಬಿಡುತ್ತಿದ್ದೆ. ಮುಂದಿನ ತಿಂಗಳು ಎಂದರೆ ಸಂಕ್ರಾಂತಿಗೆ ಮೊದಲು ಉಳಿದದ್ದು ಅದೊಂದೇ ಅವಕಾಶ. ಅದೂ ತಪ್ಪಿದರೆ ಕಾರು ರಿಪ್ಪನ್‌ಪೇಟೆಗೆ, ನಾನು ಬಸ್‌ಸ್ಟ್ಯಾಂಡಿಗೆ.

"ಮುಳ್ಳು ಯಾರು ನೋಡ್ತಾರೆ? ಕಿವಿಲಿ ಓಡಿಸ್ಬೇಕು ಗಾಡಿನ" ಎಂದು ಮಾವಯ್ಯ ಗೊಣಗಿದರು. ಕಿವಿಗೆ ಲೈಸೆನ್ಸ್ ಕೊಡುವುದಿಲ್ಲವಲ್ಲ! ಸಾಗರದಲ್ಲೇ ಮೆಕ್ಯಾನಿಕ್ ಒಬ್ಬರ ಶೆಡ್ಡು ಹುಡುಕಿದೆವು. ಅವರು ಲಾರಿಯೊಂದರ ಅಡಿಯಿಂದ ಹೊರಗೆ ಬರುವಷ್ಟರಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಕಾರು ಹತ್ತಿ ಒಂದು ಸುತ್ತು ಬಂದರು. ಮುಳ್ಳು ಗಡಗಡ ನಡುಗಿ, ಎದ್ದು, ಮೂವತ್ತರ ಮೇಲೆ ಹೋಗಿ ನಿಂತಿತು.

"ಸರಿಯಾಗೇ ಇದೆಯಲ್ಲಮ್ಮ!"

ನನಗೆ ಆ ಮುಳ್ಳನ್ನು ಕಿತ್ತು ಕೈಯಲ್ಲಿ ಹಿಡಿದು ಮೈದಾನಕ್ಕೆ ಓಡಬೇಕೆನ್ನಿಸಿತು. ಓಡಿದೆವು ಕೂಡ. ಮೇಜೂ ಇರಲಿಲ್ಲ, ಮಫ್ಲರೂ ಇರಲಿಲ್ಲ.

ಮನೆಗೆ ಬಂದ ಮೇಲೆ ತಲೆಗೊಂದು ಮಾತು. ಗಂಡ, "ಗಾಡಿಗೂ ವಯಸ್ಸಾಯ್ತಲ್ಲ, ಬೆಳಿಗ್ಗೆ ಬೇಗ ಏಳಲ್ಲ" ಎಂದು ಹಲ್ಲು ಕಿರಿದರು. ಅತ್ತೆಯ ಪ್ರಕಾರ ಅದು ದೃಷ್ಟಿ. ಹೆಂಗಸು ಕಾರು ಬಿಡುವುದನ್ನು ಊರೆಲ್ಲ ನೋಡಿದರೆ ಇನ್ನೇನಾಗುತ್ತದೆ? ಬೆಳಗಾದ ಮೇಲೆ ಒಂದು ನಿಂಬೆಹಣ್ಣು, ಒಂದಿಷ್ಟು ಮೆಣಸಿನಕಾಯಿ ಪೋಣಿಸಿ ಬಂಪರಿಗೆ ಕಟ್ಟಿದರು. ಅವತ್ತು ಮಧ್ಯಾಹ್ನ ಮುಳ್ಳು ಎದ್ದಿತು. ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತು ನಮ್ಮನ್ನೆಲ್ಲ ಒಂದು ಸುತ್ತು ನೋಡಿದರು. ಮರುದಿನ ಬೆಳಿಗ್ಗೆ ಮುಳ್ಳು ಮತ್ತೆ ಮಲಗಿದಾಗ, ನಿಂಬೆಹಣ್ಣು ಸಣ್ಣದಾಯಿತು ಎಂದರು.

ನನಗೆ ಯಂತ್ರದ ವಿದ್ಯೆ ಎಂದು ಗೊತ್ತಿದ್ದದ್ದು ಹೊಲಿಗೆ ಮೆಷಿನ್ ಒಂದೇ. ಆದರೆ ಅದನ್ನು ಚೆನ್ನಾಗಿ ಬಲ್ಲೆ. ಮೆಷಿನ್ ಕೈಕೊಟ್ಟರೆ ಎಲ್ಲವನ್ನೂ ಒಟ್ಟಿಗೆ ಬಿಚ್ಚಿ ಹರಡಿಕೊಂಡು ಕೂರಬಾರದು. ಮೊದಲು ಸೂಜಿಯ ಕಡೆ ನೋಡಬೇಕು, ಆಮೇಲೆ ಚಕ್ರದ ಕಡೆ, ಎರಡೂ ಸರಿಯಿದ್ದರೆ ನಡುವಿನ ಬೆಲ್ಟು. ಕಾರಿನಲ್ಲೂ ಅಷ್ಟೇ ತಾನೆ? ಮೇಲೆ ಮುಳ್ಳು, ಕೆಳಗೆ ಚಕ್ರಗಳ ಜೊತೆ ತಿರುಗುವ ಗೇರ್‌ಬಾಕ್ಸು, ನಡುವೆ ಒಂದು ಉದ್ದನೆಯ ಕೇಬಲ್. ಆ ಕೇಬಲ್ಲಿನ ಕೊಳವೆಯೊಳಗೆ ತಂತಿಯ ಹುರಿಯೊಂದು ಗರಗರ ತಿರುಗಿ ಮುಳ್ಳನ್ನು ಏಳಿಸುತ್ತದೆ. ಇಷ್ಟನ್ನು ಸಾಗರದ ಮೆಕ್ಯಾನಿಕ್ ಬಾಯಿಂದಲೇ ಕೇಳಿಕೊಂಡು ಬಂದಿದ್ದೆ.

ಬೆಳಿಗ್ಗೆ ಚಳಿಯಲ್ಲಿ ಸೀರೆಯನ್ನು ಎತ್ತಿ ಕಚ್ಚೆ ಕಟ್ಟಿಕೊಂಡು, ಮುಂದಿನ ಸೀಟಿನಲ್ಲಿ ತಲೆಕೆಳಗಾಗಿ ನುಗ್ಗಿದೆ. ತಲೆ ಕ್ಲಚ್ಚಿನ ಹತ್ತಿರ, ಕಾಲು ಬಾಗಿಲಿನ ಹೊರಗೆ. ಮಿಲ್ಲಿಗೆ ಭತ್ತ ತಂದವರು ಮೂಟೆ ಇಳಿಸುವುದನ್ನು ಬಿಟ್ಟು, ಯಜಮಾನರ ಸೊಸೆಯ ಕಾಲು ಕಾರಿನಿಂದ ಹೊರಗೆ ಬಂದದ್ದನ್ನು ನೋಡುತ್ತ ನಿಂತರು. ಅತ್ತೆ ಓಡಿ ಬಂದು ಕಾಲಿನ ಮೇಲೊಂದು ಪಂಚೆ ಹೊದಿಸಿ ಹೋದರು.

ಮೀಟರಿನ ಹಿಂದಿನ ತಿರುಪು ಬಿಚ್ಚಿ ಕೇಬಲ್ ಕಳಚಿದೆ. ಮೀಟರಿನ ತೂತಿನೊಳಗೆ ಊದುಬತ್ತಿಯ ಕಡ್ಡಿ ಸಿಕ್ಕಿಸಿ ಬೆರಳಲ್ಲಿ ಬುಗುರಿಯ ಹಾಗೆ ತಿರುವಿದೆ. ತಿರುವುತ್ತಲೇ ಕತ್ತು ಹೊರಳಿಸಿ ಮೇಲೆ ನೋಡಿದೆ. ಮುಳ್ಳು ಎದ್ದಿತು! ಚಳಿಗಾಲದ ಬೆಳಿಗ್ಗೆ, ಸೊನ್ನೆ ಬಿಟ್ಟು ಎದ್ದಿತು!

"ರೀ, ಎದ್ತು! ಬೆಳಿಗ್ಗೆನೇ ಎದ್ತು!" ಎಂದು ಕಿರುಚಿದೆ. ಹಾರಿ ಏಳಲು ಹೋಗಿ ಹಣೆ ಸ್ಟೇರಿಂಗಿಗೆ ಬಡಿಯಿತು. ನೋವೇ ಗೊತ್ತಾಗಲಿಲ್ಲ. ಮುಳ್ಳಿನ ತಪ್ಪಲ್ಲ ಎಂದಾಯಿತಲ್ಲ!

ಇನ್ನು ಕೆಳಗಿನ ತುದಿ. ಲಾರಿಗೆ ಮೂಟೆ ತುಂಬುವ ಕಟ್ಟೆಯ ಬಳಿ ಕಾರನ್ನು ಚರಂಡಿಯ ಮೇಲೆ ಅಡ್ಡಲಾಗಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನ ಒಂದು ಚಕ್ರವನ್ನು ಜಾಕಿಯಲ್ಲಿ ಎತ್ತಿದೆವು. ಕಾರು ಬಿಡಲು ಹೆದರುವ ನನ್ನ ಗಂಡನಿಗೆ ಕಾರಿನ ಅಡಿಗೆ ನುಗ್ಗಲು ಏನೂ ಹೆದರಿಕೆಯಿಲ್ಲ. ಚರಂಡಿಯೊಳಗೆ ತೆವಳಿ ಗೇರ್‌ಬಾಕ್ಸಿನಿಂದ ಕೇಬಲ್ ಬಿಚ್ಚಿದರು. ನಾನು ಎರಡೂ ಕೈಯಲ್ಲಿ ಚಕ್ರ ತಿರುಗಿಸಿದೆ.

"ಗೇರ್‌ಬಾಕ್ಸ್ ಒಳಗೆ ತಿರುಗ್ತಾ ಉಂಟಾ?"

"ಉಂಟು, ಉಂಟು! ಚೆನ್ನಾಗಿ ತಿರುಗ್ತಾ ಉಂಟು!" ಅವರ ದನಿಯೂ ಏರಿತ್ತು. ಅದುವರೆಗೆ ತಮಾಷೆ ಮಾಡುತ್ತಿದ್ದವರು, ಅವತ್ತಿನಿಂದ ನನಗಿಂತ ಮೊದಲೇ ಎದ್ದು ಕಾರಿನ ಹತ್ತಿರ ನಿಂತಿರುತ್ತಿದ್ದರು.

ಮೇಲಿನದೂ ಸರಿ, ಕೆಳಗಿನದೂ ಸರಿ. ಕಳ್ಳ ನಡುವಿನ ಕೇಬಲ್ಲಿನೊಳಗೆ ಅಡಗಿದ್ದ! ಹುರಿಯ ತುದಿ ಹಿಡಿದು ಇಕ್ಕಳದಲ್ಲಿ ಎಳೆದೆ. ಕೊಳವೆಯಲ್ಲಿ ಬೆಸುಗೆ ಹಾಕಿದ ಹಾಗೆ ಕೂತಿತ್ತು, ಅಲುಗಲಿಲ್ಲ. ಇಬ್ಬರೂ ಎದುರುಬದುರು ನಿಂತು ಎಳೆದರೂ ಬರಲಿಲ್ಲ. ಅದನ್ನು ಮಿಲ್ಲಿನ ಗೋಡೆಗೆ ಒರಗಿಸಿಟ್ಟು ಒಳಗೆ ಹೋದೆವು. ಮಧ್ಯಾಹ್ನ ಊಟ ಮಾಡಿ ಬಂದು ಸುಮ್ಮನೆ ಎಳೆದರೆ, ಒರೆಯಿಂದ ಕತ್ತಿ ಬರುವ ಹಾಗೆ ಸರ್ರನೆ ಬಂತು.

ಹುರಿಗೆ ಉದ್ದಕ್ಕೂ ಬಿಳಿಯ ಜಿಡ್ಡು ಮೆತ್ತಿತ್ತು. ಅದರ ಚೌಕದ ತುದಿ ಕೊಂಚ ಸವೆದಿತ್ತು. ನೋಡಿದ ಕೂಡಲೇ ನನಗೆ ಆಟ ತಿಳಿಯಿತು. ಚಳಿಗೆ ಜಿಡ್ಡು ಗಟ್ಟಿಯಾದಾಗ ಹುರಿ ತಿರುಗದು. ಕೆಳಗಿನ ಗೇರು ತಿರುಗಿದರೂ ಸವೆದ ತುದಿ ಒಳಗೇ ಜಾರುತ್ತದೆ. ಬಿಸಿಲೇರಿ ಜಿಡ್ಡು ಕರಗಿದರೆ ಎಲ್ಲವೂ ಸರಾಗ. ಆದರೆ ಗ್ರೀಸು ಹೀಗೆ ಬೆಳ್ಳಗೆ ಇರುತ್ತದೆಯೇ? ಇಂಥ ಬಿಸಿಲಿಗೆಲ್ಲ ಕರಗುತ್ತದೆಯೇ? ಉಳಿದ ಜಿಡ್ಡನ್ನೂ ಕರಗಿಸಿ ಒರೆಸೋಣವೆಂದು ಹುರಿಯನ್ನು ಸುರುಳಿ ಸುತ್ತಿಕೊಂಡು ಅಡುಗೆಮನೆಗೆ ಹೋಗಿ ಒಲೆಯ ಹತ್ತಿರ ಹಿಡಿದೆ.

ಅತ್ತೆ ನನಗೆ ಬೆನ್ನು ಹಾಕಿ ಕಾಯಿ ತುರಿಯುತ್ತಿದ್ದರು. ತಿರುಗದೆಯೇ ಕೇಳಿದರು.

"ಎಂತಕ್ಕೆ ಉಪ್ಪಾಗೆ ತುಪ್ಪ ಕಾಸ್ತಿದೀಯೇ? ಹಿಮ್ಮಡಿ ಒಡೀತಾ?"

ನಾನು ಕೈಯಲ್ಲಿದ್ದ ಹುರಿಯನ್ನು ನೋಡಿದೆ. ಮೂಸಿದೆ. ಹೌದು! ಕಾಡಿನ ಉಪ್ಪಾಗೆ ಹಣ್ಣಿನ ಬೀಜ ಕುಟ್ಟಿ ಬೇಯಿಸಿ ನಾವೇ ತೆಗೆಯುವ ತುಪ್ಪ. ಚಳಿಗಾಲದ ಬೆಳಿಗ್ಗೆ ಉಗುರಲ್ಲಿ ಕೆರೆದರೂ ಬಾರದಷ್ಟು ಕಲ್ಲಾಗುವ ತುಪ್ಪ, ಮಧ್ಯಾಹ್ನ ಡಬ್ಬಿ ಬಗ್ಗಿಸಿದರೆ ಹರಿದು ಬರುವ ತುಪ್ಪ. ಒಡೆದ ಹಿಮ್ಮಡಿಗೆ ದಿನಾ ಅದನ್ನೇ ಹಚ್ಚಿಕೊಳ್ಳುತ್ತಿದ್ದೆ, ದಿನಾ ಅದರ ಕಲ್ಲುತನಕ್ಕೆ ಬೈಯುತ್ತಿದ್ದೆ. ಮುಳ್ಳಿನ ಗುಣ, ತುಪ್ಪದ ಗುಣ ಒಂದೇ ಎಂದು ಹೊಳೆದಿರಲಿಲ್ಲ!

"ಅತ್ತೇ!" ಎಂದು ಕೂಗಿ ಅವರನ್ನು ತಬ್ಬಿಕೊಂಡೆ. ಜಿಡ್ಡೆಲ್ಲ ಅವರ ಸೀರೆಗಾಯಿತು. "ನಿಮ್ಮ ಮೂಗಿಗೆ ಬಂಗಾರದ ಮೂಗುತಿ ಹಾಕಿಸ್ಬೇಕು!" "ಇರದು ಬಂಗಾರದ್ದೇ, ಬಿಡೇ ಮಾರಾಯ್ತಿ" ಎಂದು ಅವರು ಬಿಡಿಸಿಕೊಂಡರು.

ಗಂಡನಿಗೂ ನಗು ತಡೆಯಲಾಗಲಿಲ್ಲ. ಕಾರಿನ ಕೇಬಲ್ಲಿಗೆ ಉಪ್ಪಾಗೆ ತುಪ್ಪ ಹಾಕುವ ಮನೆ ನಮ್ಮದೊಂದೇ ಇರಬೇಕು. ಮಿಲ್ಲಿನಲ್ಲಿ ಅದೇ ಪದ್ಧತಿ. ಅಕ್ಕಿ ಹಾದುಹೋಗುವ ಜಾಗಕ್ಕೆಲ್ಲ ಮಾವಯ್ಯ ಗ್ರೀಸು ತಾಗಿಸಲು ಬಿಡುತ್ತಿರಲಿಲ್ಲ. ಅನ್ನಕ್ಕೆ ವಾಸನೆ ಹತ್ತುತ್ತದೆಂದು ಉಪ್ಪಾಗೆ ತುಪ್ಪವನ್ನೇ ಸವರಿಸುತ್ತಿದ್ದರು. ಮಿಲ್ಲು ಓಡುವಾಗ ಸದಾ ಬಿಸಿ, ಅಲ್ಲಿ ಅದು ಗಟ್ಟಿಯಾಗುವ ಮಾತೇ ಇಲ್ಲ. ಎಂಜಿನ್ನಿಗೆ ಬೇಕಾದ ಗ್ರೀಸಿನ ಡಬ್ಬಿಯೂ ತುಪ್ಪದ ಡಬ್ಬಿಯೂ ಅಕ್ಕಪಕ್ಕ ಇರುತ್ತಿದ್ದವು. ಗ್ರೀಸಿನದಕ್ಕೆ ಮೂಲೆಯಲ್ಲಿ ಕೆಂಪು ಬಳಿದಿತ್ತು, ಇನ್ನೊಂದಕ್ಕಿಲ್ಲ.

ಮಾವಯ್ಯ ಜಗಲಿಯಲ್ಲಿ ಕೂತಿದ್ದರು. ನಾನು ಹುರಿಯನ್ನು ಎತ್ತಿ ಹಿಡಿದು ಗೆದ್ದವಳ ಹಾಗೆ ಹೋಗಿ ನಿಂತೆ.

"ಮಾವಯ್ಯ, ಇದಕ್ಕೆ ತುಪ್ಪ ಹಾಕಿದ್ದು ನೀವಾ?"

"ಮಳೆಗಾಲದಲ್ಲಿ ಕಿರಕಿರ ಅಂತಿತ್ತು. ಬಿಚ್ಚಿ ಒಂಚೂರು ಗ್ರೀಸ್ ಹಾಕಿದ್ದೆ."

"ಗ್ರೀಸಲ್ಲ ಮಾವಯ್ಯ, ಉಪ್ಪಾಗೆ ತುಪ್ಪ! ಕೆಂಪು ಬಳಿದ ಡಬ್ಬಿ ಬಿಟ್ಟು ಇನ್ನೊಂದು ತಗಂಡಿದೀರಿ. ಅವತ್ತಿಂದ ಮುಳ್ಳು ಬೆಳಿಗ್ಗೆ ಎದ್ದೇ ಇಲ್ಲ. ಓಡಿಸುವಾಗ ನಿಮಗೆ ಗೊತ್ತಾಗ್ಲಿಲ್ವಾ?"

ನಾನು ನಗುನಗುತ್ತಲೇ ಕೇಳಿದ್ದು. ಮಾವಯ್ಯ ನಗಲಿಲ್ಲ. ಹುರಿ ಇದ್ದ ಕಡೆಗೆ ಕೈ ಚಾಚಿದರು. ಕೈ ಹುರಿಗಿಂತ ಒಂದು ಗೇಣು ಆಚೆ ಹೋಯಿತು.

"ಮುಳ್ಳು ಕಂಡ್ರೆ ಅಲ್ವೇನೇ ಗೊತ್ತಾಗದು" ಎಂದರು.

ಬಾಗಿಲಿಗೆ ಬಂದು ನಿಂತಿದ್ದ ಅತ್ತೆಯ ಕೈಯಿಂದ ಸೌಟು ಜಾರಿತು. ಮಂಡಿನೋವು ಸುಳ್ಳು. ಕಣ್ಣಿಗೆ ಪೊರೆ ಬಂದು ಎಷ್ಟೋ ಕಾಲವಾಗಿತ್ತು. ಎದುರಿನದು ಮಂಜು ಮಂಜಾಗಿ ಕಾಣುತ್ತಿತ್ತಂತೆ, ಹತ್ತಿರದ್ದು ಅದೂ ಇಲ್ಲ. ಹೇಳಿದರೆ ಕಾರು ಕಿತ್ತುಕೊಳ್ಳುತ್ತೀರಿ, ಆಪರೇಷನ್ ಎನ್ನುತ್ತೀರಿ ಎಂದು ಬಾಯಿ ಬಿಟ್ಟಿರಲಿಲ್ಲ. ಡಬ್ಬಿಯ ಕೆಂಪು ಕಂಡಿರಲಿಲ್ಲ. ನನಗೆ ಕಲಿಸುವಾಗ ಗುಂಡಿಗಳೂ ಕಂಡಿರಲಿಲ್ಲ.

"ಹೋಯ್, ಶ್ರಾವಣದಲ್ಲಿ ನನ್ನ ಕೂರಿಸ್ಕಂಡು ಹುಲಿಕಲ್ ಘಾಟಿ ಇಳಿದ್ರಲ್ಲ!" ಅತ್ತೆಯ ದನಿ ಸಿಟ್ಟಿನಲ್ಲಿ ಶುರುವಾಗಿ ಅಳುವಿನಲ್ಲಿ ಮುಗಿಯಿತು. "ತಿರುವು ತಿರುವಿಗೂ ನಾನು ದೇವ್ರ ಹೆಸ್ರು ಹೇಳ್ತಿದ್ದೆ. ನೀವೂ ಅದನ್ನೇ ಮಾಡ್ತಿದ್ರಾ?"

ಮಾವಯ್ಯ ಎದ್ದು, ಗೋಡೆಗೆ ಕೈ ತಾಗಿಸಿಕೊಂಡು ಒಳಗೆ ಹೋದರು. ಕಾರಿನ ರೋಗ ಹುಡುಕುತ್ತ ಹೋಗಿ, ಯಾರಿಗೂ ಕಾಣಬಾರದೆಂದು ಅವರು ಜತನ ಮಾಡಿದ್ದನ್ನು ಎಳೆದು ಅಂಗಳಕ್ಕೆ ಹಾಕಿದ್ದೆ.

ಕೇಬಲ್ಲನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಕೆಂಪು ಬಳಿದ ಡಬ್ಬಿಯಿಂದ ಒಂದು ಚಿಟಿಕೆ ಗ್ರೀಸು ಸವರಿ ಹಾಕಿದೆವು. ಮರುದಿನ ಸೂರ್ಯನಿಗಿಂತ ಮೊದಲು ಎದ್ದು, ನಡುಗುವ ಚಳಿಯಲ್ಲಿ ಕಾರನ್ನು ಅಂಗಳದಲ್ಲೇ ಒಂದು ಸುತ್ತು ಓಡಿಸಿದೆ. ಸವೆದ ತುದಿಯೂ ಹಿಡಿದುಕೊಂಡಿತು, ಮುಳ್ಳು ಎದ್ದಿತು. ಗಂಡ ಪಕ್ಕದಲ್ಲಿ ಚಪ್ಪಾಳೆ ತಟ್ಟಿದರು. ಆದರೆ ನಮ್ಮ ಮಾವಯ್ಯ ಜಗಲಿಗೆ ಬರಲಿಲ್ಲ. ಪಾಠಕ್ಕೂ ಬರಲಿಲ್ಲ. ನಾಳೆಗೆ ನಾಳೆಗೆ ಎಂದು ದಿನಗಳು ಹೋದವು. "ಗಾಡಿ ಕೊಟ್ಟುಬಿಡ್ತೀನಿ. ಸಂಕ್ರಾಂತಿವರೆಗೂ ಎಂತಕ್ಕೆ ಕಾಯದು" ಎಂದು ಅತ್ತೆಯ ಹತ್ತಿರ ಹೇಳಿದರಂತೆ. ಸರಿಯಾದ ಮುಳ್ಳಿನ ಸಮೇತ ಕಾರು ಕೈತಪ್ಪುವ ಹಾಗಾಯಿತು.

ಸಮಾಧಾನದ ಮಾತು ನನಗೆ ಒಗ್ಗುವುದಿಲ್ಲ. ಒಂದು ಸಂಜೆ ಕಾರು ಸ್ಟಾರ್ಟ್ ಮಾಡಿ, ಅವರ ಕೋಣೆಯ ಕಿಟಕಿಯ ಕೆಳಗೆ ತಂದು, ಕ್ಲಚ್ಚನ್ನು ಅರ್ಧವೇ ಒತ್ತಿ ಗೇರು ಬದಲಿಸಿದೆ. ಕರ್ರ್ ಎಂದು ಹಲ್ಲು ಕಡಿದ ಸದ್ದು. ಇನ್ನೊಮ್ಮೆ ಬದಲಿಸಿದೆ. ಮತ್ತೂ ಜೋರಾಗಿ ಕರ್ರ್ ಎಂದಿತು. ನನಗೇ ಮೈ ಜುಮ್ಮೆಂದಿತು, ಆದರೂ ಬಿಡಲಿಲ್ಲ. ಕಿಟಕಿ ತೆರೆಯಿತು.

"ಯಾರೇ ಅದು! ಗೇರ್‌ಬಾಕ್ಸ್ ಪುಡಿ ಮಾಡ್ತೀಯಾ?"

"ನಂಗೆ ಕೇಳ್ಸಲ್ಲ ಮಾವಯ್ಯ. ನಿಮ್ಮ ಹಾಂಗೆ ಕಿವಿ ಇಲ್ಲ ನಂಗೆ" ಎಂದು ಇನ್ನೊಮ್ಮೆ ಕಡಿಸಿದೆ.

ಅವರು ಚಪ್ಪಲಿಯನ್ನೂ ಮೆಟ್ಟದೆ ಬಂದರು. ಬಾನೆಟ್ಟಿನ ಮೇಲೆ ಕೈಯೂರಿಕೊಂಡು ಕಾರನ್ನು ಸುತ್ತಿ, ಬಾಗಿಲು ತಡವಿ ತೆಗೆದು ಪಕ್ಕದಲ್ಲಿ ಕೂತು, "ಪೂರ್ತಿ ಒತ್ತು ಕ್ಲಚ್ಚು. ಪೂರ್ತಿ! ಸಾಯಿಸ್ತೀಯ ಅದನ್ನ" ಎಂದು ಬೈದರು. ಬೈಗುಳ ಇಷ್ಟು ಹಿತವಾಗಿರುತ್ತದೆಂದು ಅವತ್ತು ಗೊತ್ತಾಯಿತು. ಗಂಡನ ಅಂಗಿ ಕಿಟಕಿಯ ಆಚೆ ಮರೆಯಾದದ್ದು ಕಂಡಿತು. ಅವರೂ ಅಲ್ಲೇ ಕದ್ದು ಕೇಳುತ್ತಿದ್ದರು.

ಸಾಗರಕ್ಕೆ ಎರಡನೇ ಸಲ ಹೋಗುವಾಗ ಅತ್ತೆಯೂ ಹೊರಟರು. ಬಂಪರಿನಲ್ಲಿ ಹೊಸ ನಿಂಬೆಹಣ್ಣು, ಈ ಸಲ ದೊಡ್ಡದು. ದಾರಿಯುದ್ದಕ್ಕೂ ಮಂಜು, ಮೂಗಿನ ತುದಿ ಮರಗಟ್ಟುವ ಚಳಿ. ಮುಳ್ಳು ಮಾತ್ರ ಹೊಸ ಮದುಮಗನ ಹಾಗೆ ನೆಟ್ಟಗೆ ನಿಂತಿತ್ತು.

ಇನ್ಸ್‌ಪೆಕ್ಟರಿಗೆ ನೆಗಡಿ ವಾಸಿಯಾಗಿತ್ತು. ನನ್ನನ್ನು ಗುರುತು ಹಿಡಿದು, "ಓ, ನಿಂತ ಗಾಡಿಯವರು" ಎಂದರು. ಮಾವಯ್ಯನೂ ಅತ್ತೆಯೂ ಮರದ ಕೆಳಗೆ ನಿಂತರು. ಏರು, ತಿರುವು, ರಿವರ್ಸ್ ಎಲ್ಲ ಆಯಿತು. ನೇರ ರಸ್ತೆಗೆ ಬಂದೊಡನೆ ಅದೇ ಪ್ರಶ್ನೆ ಬಂತು.

"ಈಗೆಷ್ಟು?"

ಎದುರಿಗೆ ಸೈಕಲ್ಲಿನವನೊಬ್ಬ ಅಡ್ಡ ಬರುತ್ತಿದ್ದ, ಕಣ್ಣು ಕೆಳಗಿಳಿಸಲು ಆಗಲಿಲ್ಲ. ಆದರೆ ಎಂಜಿನ್ ಅಳದೆ, ಅರಚದೆ, ಹಾಡುತ್ತಿತ್ತು.

"ಮೂವತ್ತು ಸಾರ್" ಎಂದೆ, ರಸ್ತೆಯಿಂದ ಕಣ್ಣು ತೆಗೆಯದೆ.

ಇನ್ಸ್‌ಪೆಕ್ಟರು ಬಗ್ಗಿ ಮೀಟರ್ ನೋಡಿದರು, ಮತ್ತೆ ನನ್ನ ಮುಖ ನೋಡಿದರು. "ನೋಡದೆ ಹೆಂಗೆ ಹೇಳಿದ್ರಿ?"

"ನಮ್ಮ ಮಾವಯ್ಯ ಹಾಂಗೇ ಕಲಿಸಿದ್ದು ಸಾರ್."

ಅವರು ಕಾಗದದ ಮೇಲೆ ಏನೋ ಗೀಚಿಕೊಂಡರು. ಕಾರು ಮರದ ಹತ್ತಿರ ಬಂದು ನಿಂತಾಗ, "ಸೊಸೆ ಪಾಸು, ಯಜಮಾನ್ರೇ" ಎಂದು ಮಾವಯ್ಯನಿಗೆ ಕೂಗಿ ಹೇಳಿದರು. ನಾನು ಕೆಳಗಿಳಿದವಳೇ ಮೈದಾನದಲ್ಲಿ ಅಷ್ಟು ಗಂಡಸರ ನಡುವೆ ಅತ್ತೆಯ ಕೈ ಹಿಡಿದು ಗಿರಕಿ ಹೊಡೆದೆ. ಅವರೂ ಹೊಡೆದರು.

ವಾಪಸು ಹೊರಡುವಾಗ ಮಾವಯ್ಯ, "ರಿಪ್ಪನ್‌ಪೇಟೆ ಮೇಲೆ ಹೋಗನ" ಎಂದರು. ನೇರ ದಾರಿ ಬಿಟ್ಟು ಸುತ್ತು. ಆದರೂ ಅತ್ತಲೇ ತಿರುಗಿಸಿದೆ. ಜವಳಿ ಅಂಗಡಿಯ ಮುಂದೆ ನಿಲ್ಲಿಸಲು ಹೇಳಿ, ಇಳಿಯದೆ ಹಾರನ್ ಹೊಡೆಸಿದರು. ಅಂಗಡಿಯವರು ಟೇಪು ಕೊರಳಿಗೆ ಹಾಕಿಕೊಂಡೇ ಹೊರಗೆ ಬಂದರು.

"ಬೇಜಾರು ಮಾಡ್ಕಬೇಡಿ ಮಾರಾಯ್ರೆ, ಗಾಡಿ ಕೊಡಲ್ಲ. ಓಡಿಸೋರು ಮನೇಲೇ ಇದಾರೆ."

ಅಂಗಡಿಯವರು ಕಾರಿನೊಳಗೆ ಇನ್ನೊಬ್ಬ ಗಂಡಸನ್ನು ಹುಡುಕಿದರು. ಮಾವಯ್ಯ ಹೆಬ್ಬೆರಳಿನಲ್ಲಿ ನನ್ನನ್ನು ತೋರಿಸಿದರು.

ಪೇಟೆ ದಾಟಿ ಹೊಸನಗರದ ರಸ್ತೆ ಹಿಡಿದೆವು. ಸ್ವಲ್ಪ ದೂರ ಹೋದ ಮೇಲೆ ಮಾವಯ್ಯ ಕೇಳಿದರು.

"ಶಿವಮೊಗ್ಗದಲ್ಲಿ ಕಣ್ಣಾಸ್ಪತ್ರೆ ಎಲ್ಲಿ ಬರ್ತದೆ, ಗೊತ್ತೇನೇ ನಿಂಗೆ?"

ಹಿಂದಿನ ಸೀಟಿನಲ್ಲಿ ಅತ್ತೆಯ ಬಳೆಯ ಸದ್ದು ಥಟ್ಟನೆ ನಿಂತಿತು.

"ಗೊತ್ತಿಲ್ಲ ಮಾವಯ್ಯ. ಕೇಳ್ಕಂಡು ಹೋಗನ."

"ಹೂಂ. ಸಂಕ್ರಾಂತಿ ಕಳೀಲಿ" ಎಂದರು. ಆಮೇಲೆ ಸೀಟಿಗೆ ಒರಗಿ ಕಣ್ಣು ಮುಚ್ಚಿಕೊಂಡರು. "ಮುಳ್ಳು ಎಷ್ಟರಲ್ಲಿ ಉಂಟು ಈಗ?"

"ಮೂವತ್ತರಲ್ಲಿ."

"ರಸ್ತೆ?"

"ಖಾಲಿ ಉಂಟು. ಗುಂಡ್ಯೂ ಇಲ್ಲ."

"ಹಂಗಾದ್ರೆ ನಲವತ್ತು ಮಾಡು. ಇನ್ನೂ ಕೊಡ್ತದೆ ಅದು."

ನಾನು ಮೆಲ್ಲಗೆ ಒತ್ತಿದೆ. ಮುಳ್ಳು ಏರತೊಡಗಿತು. ಅದು ನಲವತ್ತನ್ನು ಮುಟ್ಟಿತು ಎಂದು ನಾನು ಬಾಯಿ ತೆರೆಯುವ ಮೊದಲೇ ಮಾವಯ್ಯ ಕಣ್ಣು ಮುಚ್ಚಿಕೊಂಡೇ, "ಹಾಂ, ಬಂತು ನೋಡು" ಎಂದರು.